ಇರುವೆ ಓಡಿಸುವ ಮೊದಲು

(ಸಂಘದ ಮಹಿಳಾ ವಿಭಾಗದ ಮಾಸಿಕ ಕೂಟದಲ್ಲಿ ಮಾಡಿದ ಮಾತಿನ ಬರಹರೂಪ)



ಹೋದ ತಿಂಗಳು ಈ ಕೂಟದಲ್ಲಿ ಮಾತಾಡಿದವರು ಹಣ ಹೂಡಿಕೆಯ ಬಗ್ಗೆ ಹೇಳಿದರು. ಅದಕ್ಕೂ ಮುಂಚೆ ವಚನ ಸಾಹಿತ್ಯ. ನಮ್ಮ ಕಾರ್ಯದರ್ಶಿ ನನಗೆ ಫೋನ್ ಮಾಡಿ, “ನಿಮ್ಮ ವಿಷಯ ಯಾವುದು ಅಂತ ಬರೆದುಕೊಳ್ಳಲಿ ಮೇಡಂ?” ಅಂದಾಗ ನಾನು “ಇರುವೆ” ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ “ಇರುವೆಯ ಮೇಲೆ ಕವನವೇ?” ಅಂತ ಕೇಳಿದರು. ಕವನ ಅಲ್ಲ, ಅಡುಗೆಮನೆ ಇರುವೆ, ಸಕ್ಕರೆ ಡಬ್ಬಿ ಇರುವೆ ಅಂತ ಬಿಡಿಸಿ ಹೇಳಬೇಕಾಯಿತು. ಈ ಜೂನ್‌ನಲ್ಲಿ ಮನೆಗೆ ಇರುವೆ ಬರದವರು ಯಾರಾದರೂ ಇದ್ದರೆ ಕೈ ಎತ್ತಿ. ನೋಡಿದಿರಾ, ಒಂದು ಕೈಯೂ ಇಲ್ಲ. ಹಾಗಾದರೆ ವಿಷಯ ಪರವಾಗಿಲ್ಲ.

ನಾನು ಮದುವೆಯಾಗಿ ಸಾಗರದ ಕಡೆಯಿಂದ ಡೊಂಬಿವಲಿಗೆ ಬಂದದ್ದು 1983ರಲ್ಲಿ. ಒಂದು ರೂಮು, ಒಂದು ಕಿಚನ್, ಮೂಲೆಯಲ್ಲಿ ಮೋರಿ. ಅದರಲ್ಲಿ ನಾವಿಬ್ಬರು, ಅತ್ತೆ, ನಮ್ಮವರ ತಮ್ಮ. ಊರಿನಲ್ಲಿ ಇರುವೆ ಅಂದರೆ ನಮಗೆ ಒಂದು ದೊಡ್ಡ ಕುಟುಂಬ. ಕಪ್ಪಿರುವೆ, ಕೆಂಪಿರುವೆ, ದಪ್ಪ ಗೊದ್ದ, ಮರದಲ್ಲಿ ಎಲೆ ಹೊಲಿದು ಮನೆ ಕಟ್ಟುವ ಚಗಳಿ. ಚಗಳಿಯ ಚಟ್ನಿ ಮಾಡಿ ತಿನ್ನುವವರೂ ಮಲೆನಾಡಿನಲ್ಲಿದ್ದಾರೆ. ಇಲ್ಲಿ ಮುಖ ಸೊಟ್ಟ ಮಾಡುತ್ತಿರುವವರು ಒಮ್ಮೆ ರುಚಿ ನೋಡಿ, ಹುಳಿ ಚೆನ್ನಾಗಿರುತ್ತದೆ. ಡೊಂಬಿವಲಿಯಲ್ಲಿ ಅಷ್ಟೆಲ್ಲ ಜಾತಿ ಇರಲಿಲ್ಲ. ಇದ್ದದ್ದು ಎರಡು ಮೂರು, ಆದರೆ ಅವು ನಮಗಿಂತ ಮೊದಲೇ ಆ ಮನೆಯಲ್ಲಿ ಬಾಡಿಗೆಗೆ ಇದ್ದವು. ಪಕ್ಕದ ಮನೆಯ ಮರಾಠಿ ಆಜಿ ‘ಮುಂಗಿ’ ಅಂದರೆ, ಎದುರುಮನೆಯ ಮಂಗಳೂರಿನವರು ‘ಪಿಜಿನ್’ ಅನ್ನುತ್ತಿದ್ದರು. ಹೆಸರು ಏನೇ ಇರಲಿ, ಚಾಳಿನ ಗೋಡೆಯಲ್ಲಿ ಅದರ ಸಾಲು ಮಾತ್ರ ಒಂದೇ. ನಮ್ಮ ಮನೆಯಿಂದ ಹೊರಟು ಅವರೆಲ್ಲರ ಮನೆಗೂ ಹೋಗುತ್ತಿತ್ತು.

ಅತ್ತೆಯವರ ಕಾನೂನು ಬೇರೆ ಇತ್ತು. ಕಪ್ಪಿರುವೆ ಬಂದರೆ ಲಕ್ಷ್ಮಿ ಬಂದ ಹಾಗೆ, ಮುಟ್ಟಬಾರದು. ಕೆಂಪಿರುವೆ ಬಂದರೆ ಅರಿಶಿನ ಹಾಕು. ಬೆಳಿಗ್ಗೆ ಹೊಸ್ತಿಲ ಮುಂದೆ ಅಕ್ಕಿ ಹಿಟ್ಟಿನಲ್ಲೇ ರಂಗೋಲಿ ಇಡಬೇಕು, ಅದು ಇರುವೆಯ ಪಾಲು. “ಹೊರಗೆ ಸಿಕ್ಕಿದರೆ ಒಳಗೆ ಯಾಕೆ ಬರುತ್ತೆ ಮಾರಾಯ್ತಿ?” ಅನ್ನುವುದು ಅವರ ವಾದ. ನಾನು ವಿಜ್ಞಾನ ಓದಿದವಳು, ನಗುತ್ತಿದ್ದೆ. ಆದರೆ ಹಾಲು, ತುಪ್ಪ ಇಡುವ ಜಾಲರಿ ಕಪಾಟಿನ ನಾಲ್ಕು ಕಾಲಿಗೂ ನೀರು ತುಂಬಿದ ಬಟ್ಟಲು ಕೊಟ್ಟಿದ್ದರಲ್ಲ, ಆ ಉಪಾಯಕ್ಕೆ ಇವತ್ತಿಗೂ ಸಮ ಯಾವುದೂ ಇಲ್ಲ. ಎರಡು ದಿನಕ್ಕೊಮ್ಮೆ ನೀರು ಬದಲಿಸಬೇಕು, ಇಲ್ಲದಿದ್ದರೆ ಸೊಳ್ಳೆ. ಇನ್ನೊಂದು ಕಡೆ ಅವರು ತಪ್ಪಿದ್ದರು. ಊರಿಂದ ಬರುವಾಗ ಒಂದು ಡಬ್ಬಿಯಲ್ಲಿ ಬಿಳಿ ಪುಡಿ ತಂದಿದ್ದರು. ನಿಮ್ಮಲ್ಲಿ ನನ್ನ ವಯಸ್ಸಿನವರಿಗೆ ಆ ವಾಸನೆ ನೆನಪಿರಬಹುದು, ಗ್ಯಾಮಾಕ್ಸಿನ್. ಅಕ್ಕಿ ಮೂಟೆಯ ಸುತ್ತ, ಹಾಸಿಗೆಯ ಕೆಳಗೆ, ಎಲ್ಲ ಕಡೆ ಉದುರಿಸುತ್ತಿದ್ದೆವು. ಅದರ ಬಿ.ಎಚ್.ಸಿ. ಅನ್ನುವ ವಿಷವನ್ನು ನಮ್ಮ ದೇಶದಲ್ಲಿ 1997ರಲ್ಲಿ ನಿಷೇಧಿಸಿದರು. ಅಲ್ಲಿಯವರೆಗೆ ಎಷ್ಟು ಮನೆಗಳಲ್ಲಿ ಮಕ್ಕಳು ಆ ಪುಡಿಯ ಮೇಲೆ ಅಂಬೆಗಾಲಿಟ್ಟಿರಬಹುದು ಅಂತ ಯೋಚಿಸಿದರೆ ಈಗಲೂ ಮೈ ಜುಂ ಅನ್ನುತ್ತದೆ. ಯಾರ ಮನೆಯ ಅಟ್ಟದಲ್ಲಾದರೂ ಆ ಹಳೆ ಡಬ್ಬಿ ಇದ್ದರೆ ದಯವಿಟ್ಟು ಅದನ್ನು ತೆರೆಯಬೇಡಿ, ಮೋರಿಗೂ ಸುರಿಯಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಮೇಲೆ ವಿಷ ಅಂತ ಬರೆದು, ಕಸ ಒಯ್ಯುವವರಿಗೆ ಹೇಳಿಯೇ ಬೇರೆಯಾಗಿ ಕೊಡಿ.

1996ರಲ್ಲಿ ಸ್ವಂತ ಫ್ಲಾಟಿಗೆ ಬಂದೆವು. ಮೂರನೇ ಮಹಡಿ. ಇಷ್ಟು ಎತ್ತರಕ್ಕೆ ಇರುವೆ ಬರುವುದಿಲ್ಲ ಅಂದುಕೊಂಡಿದ್ದೆ. ಗೃಹಪ್ರವೇಶದ ಲಾಡು ಮುಗಿಯುವ ಮೊದಲೇ ಬಂದವು.

ನನ್ನ ದೊಡ್ಡ ತಪ್ಪು 2001ರದ್ದು. ಅಡುಗೆಮನೆಯ ಕಟ್ಟೆಯ ಮೇಲೆ ಹಳದಿ ಬಣ್ಣದ, ತೀರ ಸಣ್ಣ ಇರುವೆಯ ಸಾಲು. ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣದು, ಎರಡು ಮಿಲಿಮೀಟರ್ ಅಷ್ಟೇ. ನಾನು ಅಂಗಡಿಯಿಂದ ಸ್ಪ್ರೇ ತಂದು ಹೊಡೆದೆ. ಐದು ನಿಮಿಷದಲ್ಲಿ ಎಲ್ಲ ಸತ್ತವು. ಒರೆಸಿ, ಜಯ ಸಿಕ್ಕಿತು ಅಂತ ಚಹಾ ಕುಡಿದೆ. ಎರಡು ವಾರ ಕಳೆಯಿತು. ಅಡುಗೆಮನೆಯಲ್ಲಿ ಸಾಲು ಮತ್ತೆ ಬಂತು, ಜೊತೆಗೆ ಸ್ವಿಚ್ ಬೋರ್ಡಿನ ಒಳಗಿಂದ ಒಂದು ಹೊಸ ಸಾಲು, ಬೆಡ್‌ರೂಮಿನ ಬೀರುವಿನ ಹಿಂದೆ ಇನ್ನೊಂದು. ಒಂದಿದ್ದದ್ದು ಮೂರಾಯಿತು. ಮತ್ತೆ ಸ್ಪ್ರೇ ಹೊಡೆದೆ. ಮತ್ತೆ ಹೆಚ್ಚಾಯಿತು. ಆಗ ನಾನು ಶಾಲೆಯ ಲೈಬ್ರರಿಗೆ ಹೋಗಿ ಇರುವೆಯ ಬಗ್ಗೆ ಓದಲು ಕೂತೆ. ಹದಿನೈದು ವರ್ಷ ವಿಜ್ಞಾನ ಕಲಿಸಿದ ಮೇಲೆ!

ಓದಿದ್ದರಲ್ಲಿ ನಮಗೆ ಬೇಕಾದಷ್ಟು ಮಾತ್ರ ಹೇಳುತ್ತೇನೆ. ಮೊದಲನೆಯದು, ಸಾಲಿನಲ್ಲಿ ಓಡಾಡುವ ಇರುವೆಗಳೆಲ್ಲ ಹೆಣ್ಣು. ಆಹಾರ ತರುವುದು, ಮರಿಗಳನ್ನು ನೋಡಿಕೊಳ್ಳುವುದು, ಗೂಡು ಚೊಕ್ಕಟ ಮಾಡುವುದು, ಕಾವಲು, ಎಲ್ಲವೂ ಹೆಣ್ಣುಗಳದ್ದೇ. ಗಂಡಿಗೆ ರಾಣಿಯ ಜೊತೆ ಕೂಡುವ ಒಂದೇ ಕೆಲಸ, ಅದಾದ ಮೇಲೆ ಸತ್ತುಹೋಗುತ್ತದೆ. ನಗಬೇಡಿ, ಹಿಂದಿನ ಸಾಲಿನಲ್ಲಿ ನಮ್ಮ ಸಂಘದ ಅಧ್ಯಕ್ಷರು ಕೂತಿದ್ದಾರೆ.

ಎರಡನೆಯದು, ನಮ್ಮ ಕಣ್ಣಿಗೆ ಕಾಣುವುದು ಗೂಡಿನ ಸಣ್ಣ ಪಾಲು ಮಾತ್ರ. ರಾಣಿ, ಮೊಟ್ಟೆ, ಮರಿಹುಳು, ಉಳಿದ ಕೆಲಸಗಾರರು ಎಲ್ಲ ಗೋಡೆಯೊಳಗೆ. ಸ್ಪ್ರೇ ಹೊಡೆದಾಗ ಸಂತೆಗೆ ಬಂದವರನ್ನು ಕೊಂದೆವು, ಊರು ಹಾಗೇ ಇದೆ. ಅದರಲ್ಲೂ ನಾನು ಹೇಳಿದ ಆ ಹಳದಿ ಸಣ್ಣ ಇರುವೆ, ಅದಕ್ಕೆ ಫೇರೋ ಇರುವೆ ಅನ್ನುತ್ತಾರೆ, ಒಂದು ಗೂಡಿನಲ್ಲಿ ಹಲವು ರಾಣಿಯರನ್ನು ಇಟ್ಟುಕೊಂಡಿರುತ್ತದೆ. ಅಪಾಯ ಬಂತು ಅನ್ನಿಸಿದರೆ ಒಂದಿಷ್ಟು ಕೆಲಸಗಾರರು ಒಬ್ಬ ರಾಣಿಯನ್ನೂ ಮರಿಗಳನ್ನೂ ಕರೆದುಕೊಂಡು ಬೇರೆ ಕಡೆ ಸಂಸಾರ ಹೂಡುತ್ತವೆ. ಅವಿಭಕ್ತ ಕುಟುಂಬ ಪಾಲಾದ ಹಾಗೆ. ಹಾಗಾಗಿ ಸ್ಪ್ರೇ ಹೊಡೆದು ಹೊಡೆದು ಅವಕ್ಕೆ ಹೊಸ ಮನೆ ಮಾಡಿಕೊಟ್ಟವಳು ನಾನೇ.

ಮೂರನೆಯದು ದಾರಿಯ ವಿಷಯ. ಇರುವೆ ಕಣ್ಣಿನಿಂದ ನೋಡಿ ಸಾಲು ಹಿಡಿಯುವುದಲ್ಲ. ತಿಂಡಿ ಸಿಕ್ಕ ಇರುವೆ ವಾಪಸು ಹೋಗುವಾಗ ಹೊಟ್ಟೆಯ ತುದಿಯಿಂದ ನೆಲಕ್ಕೆ ಒಂದು ರಾಸಾಯನಿಕ ಸವರಿಕೊಂಡು ಹೋಗುತ್ತದೆ. ಬೇರೆಯವು ಅದರ ವಾಸನೆ ಹಿಡಿದು ಬರುತ್ತವೆ, ಬಂದವು ಇನ್ನಷ್ಟು ಸವರುತ್ತವೆ. ಅಮೆರಿಕದ ಎಡ್ವರ್ಡ್ ವಿಲ್ಸನ್ ಅನ್ನುವ ವಿಜ್ಞಾನಿ 1950ರ ದಶಕದ ಕೊನೆಯಲ್ಲಿ ಒಂದು ಬಗೆಯ ಕೆಂಪಿರುವೆಯ ಹೊಟ್ಟೆಯಿಂದ ಒಂದು ಸಣ್ಣ ಗ್ರಂಥಿಯನ್ನು ತೆಗೆದು, ಅದರ ರಸದಿಂದ ಗಾಜಿನ ಮೇಲೆ ಗೆರೆ ಎಳೆದರು. ಇರುವೆಗಳು ಗೂಡಿನಿಂದ ಹೊರಬಂದು ಆ ಗೆರೆಯ ಮೇಲೇ ನಡೆದವು. ತಿಂಡಿಯಿಲ್ಲ, ಏನಿಲ್ಲ, ಗೆರೆ ಅಷ್ಟೇ. ಅತ್ತೆಯವರ ಅರಿಶಿನ, ನಿಮ್ಮ ವಿನೆಗರ್, ಲಿಂಬೆಸಿಪ್ಪೆ, ಸಾಬೂನು ನೀರು, ಇವೆಲ್ಲ ಆ ಗೆರೆಯನ್ನು ಅಳಿಸುತ್ತವೆ ಅಥವಾ ಮುಚ್ಚುತ್ತವೆ. ಅದಕ್ಕೇ ಒಂದು ದಿನ ಕೆಲಸ ಮಾಡುತ್ತವೆ, ಮಾರನೇ ದಿನ ಇಲ್ಲ. ಬರಿ ನೀರಿನಲ್ಲಿ ಒರೆಸಿದರೆ ಸಾಲದು, ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿಕೊಳ್ಳಿ. ಸಕ್ಕರೆ ಡಬ್ಬಿಯಲ್ಲಿ ನಾಲ್ಕು ಲವಂಗ ಹಾಕುವುದಕ್ಕಿಂತ ಮುಚ್ಚಳಕ್ಕೆ ರಬ್ಬರ್ ಉಂಗುರ ಇರುವ ಡಬ್ಬಿ ಕೊಳ್ಳುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಲವಂಗ ಈಗ ಯಾವ ಬೆಲೆಗಿದೆ!

ನಾಲ್ಕನೆಯದೇ ಮುಖ್ಯ. ದೊಡ್ಡ ಇರುವೆ ಗಟ್ಟಿ ಆಹಾರ ನುಂಗಲಾರದು. ಅದರ ಗಂಟಲಿನಲ್ಲಿ ಅಂಥ ಜರಡಿ ಇದೆ. ಅದು ಕುಡಿಯುವುದು ದ್ರವ ಮಾತ್ರ, ಕುಡಿದದ್ದನ್ನು ಹೊಟ್ಟೆಯ ಒಂದು ಚೀಲದಲ್ಲಿ ತುಂಬಿಕೊಂಡು ಹೋಗಿ ಗೂಡಿನಲ್ಲಿ ಬಾಯಿಂದ ಬಾಯಿಗೆ ಹಂಚುತ್ತದೆ. ರಾಣಿಗೆ, ಮರಿಗಳಿಗೆ, ಎಲ್ಲರಿಗೂ. ಅಂದರೆ ನಾವು ಗೂಡು ಹುಡುಕಬೇಕಾಗಿಲ್ಲ. ಕೂಡಲೇ ಕೊಲ್ಲದ ಒಂದು ಮದ್ದನ್ನು ಸಿಹಿಯಲ್ಲಿ ಬೆರೆಸಿ ಕೊಟ್ಟರೆ ಅವೇ ಹೊತ್ತುಕೊಂಡು ಹೋಗುತ್ತವೆ.

ಆ ಮದ್ದು ಬೋರಿಕ್ ಆಮ್ಲ. ಕ್ಯಾರಂ ಬೋರ್ಡಿಗೆ ಹಾಕುವ ಪುಡಿ ಬಹಳ ಸಲ ಇದೇ ಆಗಿರುತ್ತದೆ, ಆದರೆ ಆ ಡಬ್ಬಿಯನ್ನು ನಂಬಬೇಡಿ, ಬೇರೆ ಪುಡಿಯೂ ಇರಬಹುದು. ಔಷಧಿ ಅಂಗಡಿಯಲ್ಲಿ ಬೋರಿಕ್ ಆಸಿಡ್ ಅಂತ ಬರೆದದ್ದನ್ನೇ ಕೇಳಿ. 100 ಮಿಲಿಲೀಟರ್ ಬಿಸಿನೀರು, ಅದಕ್ಕೆ 10 ಗ್ರಾಂ ಸಕ್ಕರೆ, 1 ಗ್ರಾಂ ಬೋರಿಕ್ ಆಮ್ಲ. ಅರ್ಧ ಲೋಟ ನೀರಿಗೆ ಎರಡು ಚಹಾ ಚಮಚ ಸಕ್ಕರೆ, ಕಾಲು ಚಮಚ ಪುಡಿ ಅಂತ ಇಟ್ಟುಕೊಳ್ಳಿ. ಇಲ್ಲೇ ಎಲ್ಲರೂ ಎಡವುವುದು. “ಇಷ್ಟು ಕಡಿಮೆ ಹಾಕಿದರೆ ಏನಾಗುತ್ತೆ, ಎರಡು ಚಮಚ ಹಾಕೋಣ” ಅನ್ನಿಸುತ್ತದೆ. ಹೆಚ್ಚು ಹಾಕಿದರೆ ಇರುವೆ ಮುಟ್ಟುವುದಿಲ್ಲ, ಮುಟ್ಟಿದರೂ ಗೂಡು ತಲುಪುವ ಮೊದಲೇ ಸಾಯುತ್ತದೆ. ಶೇಕಡಾ ಒಂದು ಸಾಕು. ನಿಧಾನವೇ ಇಲ್ಲಿ ಔಷಧಿ.

ಹತ್ತಿಯ ಉಂಡೆಯನ್ನು ಅದರಲ್ಲಿ ಅದ್ದಿ, ಮುಚ್ಚಳ ಇರುವ ಸಣ್ಣ ಪ್ಲಾಸ್ಟಿಕ್ ಡಬ್ಬಿಯಲ್ಲಿಡಿ. ಡಬ್ಬಿಯ ಬದಿಗೆ ಬಿಸಿ ಸೂಜಿಯಿಂದ ಎರಡು ಮೂರು ತೂತು. ಮುಚ್ಚಳವನ್ನು ಟೇಪಿನಿಂದ ಅಂಟಿಸಿ. ಮೇಲೆ ದೊಡ್ಡದಾಗಿ ‘ವಿಷ’ ಅಂತ ಬರೆಯಿರಿ, ಕನ್ನಡದಲ್ಲೂ ಕೆಲಸದ ಬಾಯಿ ಓದುವ ಭಾಷೆಯಲ್ಲೂ. ಸಾಲಿನ ಪಕ್ಕದಲ್ಲಿ, ಆದರೆ ಮಕ್ಕಳ ಕೈಗೆ ಸಿಗದ ಕಡೆ, ಸಿಲಿಂಡರಿನ ಹಿಂದೆಯೋ ಸಿಂಕಿನ ಕೆಳಗೋ ಇಡಿ. ಹತ್ತಿರದಲ್ಲಿ ಸ್ಪ್ರೇ ಬೇಡ, ಸಾಲನ್ನು ಒರೆಸುವುದೂ ಬೇಡ. ಮೊದಲ ದಿನ ಸಾಲು ದಪ್ಪವಾಗುತ್ತದೆ. ಮನೆಯವರೆಲ್ಲ ಬಯ್ಯುತ್ತಾರೆ. ತಡೆದುಕೊಳ್ಳಿ. ಎರಡು ಮೂರು ದಿನಕ್ಕೊಮ್ಮೆ ಹತ್ತಿ ಬದಲಿಸಿ, ಒಂದರಿಂದ ಎರಡು ವಾರದಲ್ಲಿ ಸಾಲು ತೆಳ್ಳಗಾಗಿ ನಿಲ್ಲುತ್ತದೆ. ಫೇರೋ ಇರುವೆಯಾದರೆ ಇನ್ನೂ ಹೆಚ್ಚು ದಿನ ಬೇಕು. ಕೆಲವೊಮ್ಮೆ ಸಿಹಿಗೆ ಬರುವುದೇ ಇಲ್ಲ. ಆಗ ಒಂದು ಹನಿ ಸಕ್ಕರೆ ನೀರು, ಒಂದು ಚೂರು ಶೇಂಗಾ ಪುಡಿ ಎಣ್ಣೆಯಲ್ಲಿ ಕಲಸಿ ಪಕ್ಕ ಪಕ್ಕ ಇಟ್ಟು ನೋಡಿ, ಯಾವುದಕ್ಕೆ ಮುತ್ತುತ್ತವೋ ಅದರಲ್ಲಿ ಮದ್ದು ಬೆರೆಸಿ. ನಮ್ಮ ಮನೆಯಲ್ಲಿ ಮಳೆಗಾಲದಲ್ಲಿ ಸಿಹಿ, ಬೇಸಿಗೆಯಲ್ಲಿ ಎಣ್ಣೆ. ನಿಮ್ಮಲ್ಲಿ ಬೇರೆ ಇರಬಹುದು.

ಸಾಲು ನಿಂತ ಮೇಲೆಯೇ ಬಿರುಕಿಗೆ ವೈಟ್ ಸಿಮೆಂಟ್. ಮೊದಲೇ ಮುಚ್ಚಿದರೆ ಅವು ಇನ್ನೊಂದು ಬಿರುಕು ಹುಡುಕುತ್ತವೆ.

ಬೋರಿಕ್ ಪುಡಿ ಅಡುಗೆ ಸೋಡಾದ ಹಾಗೆಯೇ ಕಾಣುತ್ತದೆ. ಮಗು ನುಂಗಿದರೆ ಅದು ನಿಜವಾದ ಅಪಾಯ. ಮಸಾಲೆ ಡಬ್ಬಿಗಳ ಸಾಲಿನಲ್ಲಿ ಅದನ್ನು ಇಡಲೇಬೇಡಿ, ಅಳೆದ ಚಮಚವನ್ನೂ ಅಡುಗೆಗೆ ವಾಪಸು ತರಬೇಡಿ. ನಾನು ಅದನ್ನು ಬೀಗ ಹಾಕುವ ಕಪಾಟಿನಲ್ಲಿ ಇಡುತ್ತೇನೆ. ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ನನ್ನ ಮೊಮ್ಮಗಳು ಮೂರು ವರ್ಷದವಳಿದ್ದಾಗ ಬಾಲ್ಕನಿಯಲ್ಲಿ ನೆಲದ ಮೇಲೆ ಚಿತ್ರ ಬರೆಯುತ್ತಿದ್ದಳು. ಬಿಳಿ ಚಾಕ್. ಸೂರ್ಯ, ಮನೆ, ಅಜ್ಜಿ. ಹತ್ತಿರ ಹೋಗಿ ನೋಡಿದರೆ ಅದು ಬಾಗಿಲ ಸಂದಿಗೆ ಗೆರೆ ಎಳೆಯಲು ತಂದಿದ್ದ ಇರುವೆ ಚಾಕ್. ಅದರಲ್ಲಿ ಇರುವುದು ಕೀಟನಾಶಕ, ನೋಡಲು ಮಾತ್ರ ಶಾಲೆಯ ಚಾಕ್. ತುಟಿಯ ಮೇಲೂ ಬಿಳಿ. ಬಾಯಿ, ಕೈ ತೊಳೆಸಿ, ರಿಕ್ಷಾದಲ್ಲಿ ಆಸ್ಪತ್ರೆಗೆ ಓಡಿದೆವು. ಚಾಕಿನ ಪೊಟ್ಟಣವನ್ನೂ ಜೊತೆಗೆ ಒಯ್ದಿದ್ದು ಒಳ್ಳೆಯದಾಯಿತು, ಡಾಕ್ಟರು ಮೊದಲು ಕೇಳಿದ್ದು ಅದನ್ನೇ. ಏನೂ ಆಗಲಿಲ್ಲ, ನಾಲ್ಕು ಗಂಟೆ ಕೂರಿಸಿಕೊಂಡು ಕಳಿಸಿದರು. ಆ ನಾಲ್ಕು ಗಂಟೆ ನನ್ನ ಸೊಸೆ ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ಅವಳ ಜಾಗದಲ್ಲಿ ನಾನಿದ್ದರೂ ಆಡುತ್ತಿರಲಿಲ್ಲ. ಅವತ್ತಿನಿಂದ ಆ ಚಾಕ್ ನಮ್ಮ ಮನೆಗೆ ಬಂದಿಲ್ಲ.

ಇಲ್ಲಿಗೆ ನನ್ನ ಮಾತು ಮುಗಿಯಬೇಕಿತ್ತು. ಕಾರ್ಯದರ್ಶಿಗೆ ಹೇಳಿದ್ದೂ ಇಷ್ಟನ್ನೇ. ಆದರೆ ಇನ್ನೊಂದು ವಿಷಯ ಹೇಳದೆ ಇಳಿದರೆ ನಾನು ಇಲ್ಲಿ ನಿಂತದ್ದಕ್ಕೆ ಅರ್ಥವಿಲ್ಲ. ನಮ್ಮವರ ಒಪ್ಪಿಗೆ ಕೇಳಿಕೊಂಡೇ ಹೇಳುತ್ತಿದ್ದೇನೆ. “ಹೇಳು, ಆದರೆ ನನ್ನನ್ನು ಎಬ್ಬಿಸಿ ನಿಲ್ಲಿಸಬೇಡ” ಅಂದಿದ್ದಾರೆ.

2009. ದೀಪಾವಳಿ ಮುಗಿದಿತ್ತು. ಮಳೆಗಾಲದಲ್ಲಿ ಇರುವೆ ಬರುವುದಕ್ಕೆ ಕಾರಣ ಇದೆ, ಹೊರಗಿನ ಗೂಡಿಗೆ ನೀರು ನುಗ್ಗುತ್ತದೆ, ಒಣ ಜಾಗ ಹುಡುಕಿಕೊಂಡು ಬರುತ್ತವೆ. ನವೆಂಬರಿನಲ್ಲಿ ಆ ಕಾರಣ ಇಲ್ಲ. ಆದರೂ ಬಂದವು, ಅದೂ ಅಡುಗೆಮನೆಗಲ್ಲ. ಟಾಯ್ಲೆಟ್ಟಿಗೆ. ಬೆಳಿಗ್ಗೆ ಎದ್ದು ನೋಡಿದರೆ ಪಾಟಿನ ಅಂಚಿನಲ್ಲಿ ಕಪ್ಪು ಗೆರೆ, ಪಕ್ಕದ ಟೈಲ್ಸಿನ ಮೇಲೆ ಅಲ್ಲಲ್ಲಿ ಗುಂಪು. ನಾನು ಫಿನಾಯಿಲ್ ಸುರಿದೆ. ಬಾಯಿಯ ಮೇಲೆ ರೇಗಿದೆ, ಸರಿಯಾಗಿ ತೊಳೆಯುತ್ತಿಲ್ಲ ಅಂತ. ಪಾಪ, ಅವಳು ನನ್ನೆದುರೇ ಉಜ್ಜಿ ಉಜ್ಜಿ ತೋರಿಸಿದಳು. ಮಾರನೇ ದಿನ ಮತ್ತೆ ಅದೇ. ಟೈಲ್ಸಿನ ಸಂದಿಗೆಲ್ಲ ಸಿಮೆಂಟ್ ತುಂಬಿಸಿದೆ. ನನ್ನ ಡಬ್ಬಿಯನ್ನೂ ಇಟ್ಟೆ. ಒಂದು ವಾರ ಕಡಿಮೆಯಾಯಿತು, ಮತ್ತೆ ಬಂತು. ಗೋಡೆಯ ಆ ಕಡೆಯ ಮನೆಯವರ ಜೊತೆ ಜಗಳವೂ ಆಯಿತು. ಹೀಗೆ ಎರಡೂವರೆ ತಿಂಗಳು.

ಅದೇ ಎರಡೂವರೆ ತಿಂಗಳಲ್ಲಿ ನಮ್ಮವರ ಹೊಟ್ಟೆ ಕರಗಿತ್ತು. ಅವರು ಬೆಳಿಗ್ಗೆ ವಾಕಿಂಗ್ ಶುರುಮಾಡಿದ್ದರು, ಅದರ ಫಲ ಅಂತ ನಮಗೆಲ್ಲ ಖುಷಿ. ಪ್ಯಾಂಟಿನ ಸೊಂಟ ಎರಡು ಸಲ ಹಿಡಿಸಿದೆ. ರಾತ್ರಿ ಮೂರು ಸಲ ಏಳುತ್ತಿದ್ದರು. ಸಂಜೆ ಬಂದ ಕೂಡಲೇ ಒಂದು ತಂಬಿಗೆ ನೀರು ಗಟಗಟ ಕುಡಿಯುತ್ತಿದ್ದರು. ಲೋಕಲ್ ಟ್ರೈನಿನಲ್ಲಿ ನಿಂತು ಬಂದವರಿಗೆ ಬಾಯಾರುವುದಿಲ್ಲವೇ? ಒಂದೊಂದಕ್ಕೂ ನನ್ನ ಬಳಿ ಒಂದೊಂದು ಕಾರಣ ಇತ್ತು. ನಾನು ಶಾಲೆಯಲ್ಲಿ ಮಕ್ಕಳಿಗೆ ಬೆನೆಡಿಕ್ಟ್ ಪರೀಕ್ಷೆ ಮಾಡಿ ತೋರಿಸುತ್ತಿದ್ದವಳು. ನೀಲಿ ದ್ರಾವಣಕ್ಕೆ ಗ್ಲೂಕೋಸ್ ಹಾಕಿ ಕಾಯಿಸಿದರೆ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ, ಹಿಂದೆ ಮೂತ್ರದ ಸಕ್ಕರೆಯನ್ನು ಹೀಗೇ ಪರೀಕ್ಷಿಸುತ್ತಿದ್ದರು ಅಂತ ಪ್ರತಿವರ್ಷ ಹೇಳುತ್ತಿದ್ದೆ. ಪ್ರತಿವರ್ಷ! ಮನೆಯ ಟಾಯ್ಲೆಟ್ಟಿನಲ್ಲಿ ದಿನವೂ ಅದೇ ಪರೀಕ್ಷೆ ನಡೆಯುತ್ತಿದ್ದರೆ ನಾನು ಫಿನಾಯಿಲ್ ಹಾಕಿ ಉತ್ತರ ಅಳಿಸುತ್ತಿದ್ದೆ.

ಜನವರಿಯಲ್ಲಿ ನಮ್ಮವರ ಅಕ್ಕ ಊರಿಂದ ಬಂದರು. ಓದಿದ್ದು ನಾಲ್ಕನೇ ಕ್ಲಾಸು. ಬಂದ ಮಾರನೇ ಬೆಳಿಗ್ಗೆ ಟಾಯ್ಲೆಟ್ಟಿನಿಂದ ಹೊರಬಂದವರು ಕಾಲು ಒರೆಸಿಕೊಳ್ಳುತ್ತಾ ಕೇಳಿದರು, “ಇಲ್ಲಿ ಯಾರಿಗೆ ಸಕ್ಕರೆ ಕಾಯಿಲೆ?” ಯಾರಿಗೂ ಇಲ್ಲವಲ್ಲ ಅಂದೆ. “ಹಾಗಾದರೆ ಈ ಇರುವೆ? ಅಪ್ಪಯ್ಯನಿಗೆ ಹೀಗೇ ಆಗಿತ್ತು. ಹಿತ್ತಲಲ್ಲಿ ಅವರು ಕೂರುವ ಜಾಗದಲ್ಲಿ ಇರುವೆ ಮುತ್ತುತ್ತಿತ್ತು. ತಮ್ಮನ ಮುಖ ನೋಡು, ಹೇಗೆ ಬತ್ತಿದೆ. ಇವತ್ತೇ ರಕ್ತ ತೋರಿಸು.” ಅಷ್ಟು ಹೇಳಿ ದೇವರಿಗೆ ಹೂವು ಕೀಳಲು ಹೋದರು.

ನಾನು ಅಲ್ಲೇ ನೆಲದ ಮೇಲೆ ಕೂತೆ.

ಬೆಳಗಿನ ಖಾಲಿ ಹೊಟ್ಟೆಯ ಸಕ್ಕರೆ 268. 126 ದಾಟಿದರೆ ಮಧುಮೇಹ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 11.4. ಅದು 6.5 ಮುಟ್ಟಿದರೇ ಮಧುಮೇಹ. ಕಣ್ಣಿನ ಡಾಕ್ಟರಿಗೆ ತೋರಿಸಲು ಹೇಳಿದರು. ಎಡಗಣ್ಣಿನ ಹಿಂದಿನ ಪರದೆಯಲ್ಲಿ ರಕ್ತ ಒಸರಿದ ಕಲೆಗಳು. ಲೇಸರ್ ಮಾಡಿದರು. ಇದ್ದದ್ದು ಉಳಿಯಿತು, ಹೋದದ್ದು ಬರಲಿಲ್ಲ. ಇವತ್ತಿಗೂ ನಮ್ಮವರು ಪೇಪರಿನ ಸಣ್ಣ ಅಕ್ಷರ ಬಲಗಣ್ಣಿನಲ್ಲೇ ಓದುವುದು. ನಾನು ಡಾಕ್ಟರನ್ನು ಕೇಳಿದೆ, ಎರಡೂವರೆ ತಿಂಗಳು ಮೊದಲು ಬಂದಿದ್ದರೆ? ಅವರು ಒಳ್ಳೆಯವರು. “ಕಣ್ಣು ಹೀಗಾಗಲು ತಿಂಗಳು ಸಾಲದು, ಕಾಯಿಲೆ ಗೊತ್ತಾಗದೆ ವರ್ಷಗಳಿಂದ ಇತ್ತು. ನಿಮ್ಮ ತಪ್ಪಲ್ಲ” ಅಂದರು. ಅದು ನಿಜ ಅಂತ ಬುದ್ಧಿಗೆ ಗೊತ್ತು. ಆದರೂ ಫಿನಾಯಿಲ್ ಬಾಟಲಿ ಹಿಡಿದಾಗಲೆಲ್ಲ ಆ ಎರಡೂವರೆ ತಿಂಗಳು ನೆನಪಾಗುತ್ತದೆ.

ಆಮೇಲೆ ತಿಳಿಯಿತು, ಚರಕಸಂಹಿತೆಯಲ್ಲೇ ಪ್ರಮೇಹದ ಮುನ್ಸೂಚನೆಗಳಲ್ಲಿ ರೋಗಿಯ ಮೂತ್ರಕ್ಕೆ ಇರುವೆ ಬರುವುದನ್ನು ಹೇಳಿದೆಯಂತೆ. ನಮ್ಮತ್ತಿಗೆಗೆ ಅದನ್ನು ಹೇಳಿದರೆ, “ಅದಕ್ಕೆ ಪುಸ್ತಕ ಬೇರೆ ಬೇಕಾ?” ಅಂದರು.

ಈಗ ಯಾರೂ ಗಾಬರಿಯಾಗಬೇಡಿ. ಬಾತ್‌ರೂಮಿನಲ್ಲಿ ಇರುವೆ ಕಂಡರೆಲ್ಲ ಸಕ್ಕರೆ ಕಾಯಿಲೆಯಲ್ಲ. ಬೇಸಿಗೆಯಲ್ಲಿ ನೀರಿಗೆ ಬರುತ್ತವೆ, ಸತ್ತ ಜಿರಲೆಗೆ ಬರುತ್ತವೆ, ಪೈಪಿನ ಸಂದಿಯಲ್ಲಿ ಗೂಡೇ ಇರಬಹುದು. ಇರುವೆ ಬಂದಿಲ್ಲ ಅಂತ ಸಕ್ಕರೆ ಇಲ್ಲ ಅಂದುಕೊಳ್ಳುವುದು ಇನ್ನೂ ದೊಡ್ಡ ತಪ್ಪು. ರಕ್ತದಲ್ಲಿ ಸಕ್ಕರೆ ಸುಮಾರು 180 ದಾಟಿದ ಮೇಲೆಯೇ ಸಾಮಾನ್ಯವಾಗಿ ಅದು ಮೂತ್ರಕ್ಕೆ ಇಳಿಯುವುದು. ಅಂದರೆ ಇರುವೆಗೆ ಗೊತ್ತಾಗುವ ಹೊತ್ತಿಗೆ ನಾವು ಆಗಲೇ ತಡ ಮಾಡಿರುತ್ತೇವೆ. ಫ್ಲಶ್ ಚೆನ್ನಾಗಿದ್ದರೆ ಅದಕ್ಕೂ ಗೊತ್ತಾಗುವುದಿಲ್ಲ. ವರ್ಷಕ್ಕೊಮ್ಮೆ ಒಂದು ರಕ್ತಪರೀಕ್ಷೆ, ಮನೆಯಲ್ಲಿ ಯಾರಿಗಾದರೂ ಇದ್ದರೆ ಮೂವತ್ತರ ನಂತರವೇ. ಗಂಡಸರು ಹೋಗುವುದಿಲ್ಲ, ಕರೆದುಕೊಂಡು ಹೋಗಬೇಕು. ನಮ್ಮದನ್ನು ನಾವು ಮಾಡಿಸಿಕೊಳ್ಳುವುದಂತೂ ಇನ್ನೂ ಅಪರೂಪ. ಇಲ್ಲಿರುವವರಲ್ಲಿ ಈ ವರ್ಷ ಮಾಡಿಸಿಕೊಂಡವರು ಎಷ್ಟು ಮಂದಿ? ಇರಲಿ, ಕೈ ಎತ್ತಬೇಡಿ.

ಇದಕ್ಕೆ ಒಂದು ಬಾಲಂಗೋಚಿ ಇದೆ. ಕೆಲವು ವರ್ಷದ ಹಿಂದೆ, ನಮ್ಮವರ ಸಕ್ಕರೆ ಒಳ್ಳೆ ಹತೋಟಿಯಲ್ಲಿದ್ದಾಗ, ಒಂದು ಬೆಳಿಗ್ಗೆ ಟಾಯ್ಲೆಟ್ಟಿನಲ್ಲಿ ಮತ್ತೆ ಅದೇ ಕಪ್ಪು ಗೆರೆ. ನನ್ನ ಕೈಕಾಲು ತಣ್ಣಗಾಯಿತು. ಈ ಸಲ ಫಿನಾಯಿಲ್ ಮುಟ್ಟಲಿಲ್ಲ, ಒರೆಸಲೂ ಇಲ್ಲ. ಮೊಬೈಲಿನಲ್ಲಿ ಫೋಟೊ ತೆಗೆದು, ನಮ್ಮವರನ್ನು ಎಬ್ಬಿಸಿ, ಬೆರಳು ಚುಚ್ಚಿ ನೋಡಿದೆ. 118. ಮೀಟರು ಕೆಟ್ಟಿದೆ ಅಂದುಕೊಂಡು ನನ್ನದನ್ನೂ ಚುಚ್ಚಿ ನೋಡಿದೆ. ಕೆಟ್ಟಿರಲಿಲ್ಲ. ಡಾಕ್ಟರ ಹತ್ತಿರ ಓಡಿದೆವು, ಫೋಟೊ ತೋರಿಸಿದೆ. ಅವರು ಜೋರಾಗಿ ನಕ್ಕರು. ತಿಂಗಳ ಹಿಂದೆ ಮಾತ್ರೆ ಬದಲಿಸಿದ್ದರು. ಡಪಾಗ್ಲಿಫ್ಲೋಜಿನ್ ಅಂತ, ಈಗ ಬಹಳ ಜನ ತೆಗೆದುಕೊಳ್ಳುತ್ತಾರೆ, ಇಲ್ಲೂ ಇರಬಹುದು. ಆ ಜಾತಿಯ ಮಾತ್ರೆಗಳ ಕೆಲಸವೇ ರಕ್ತದ ಸಕ್ಕರೆಯನ್ನು ಮೂತ್ರಪಿಂಡದ ಮೂಲಕ ಹೊರಗೆ ಕಳಿಸುವುದು. ಸಕ್ಕರೆ ಹತೋಟಿಯಲ್ಲಿದ್ದರೂ ಮೂತ್ರ ಸಿಹಿ. ಇರುವೆ ಬಂದದ್ದು ಮಾತ್ರೆ ಕೆಲಸ ಮಾಡುತ್ತಿದೆ ಅನ್ನುವುದಕ್ಕೆ! ಅಂಥ ಮಾತ್ರೆ ತೆಗೆದುಕೊಳ್ಳುವವರು ಇರುವೆ ನೋಡಿ ಹೆದರಿ ಮಾತ್ರೆ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ. ಸಾಕಷ್ಟು ನೀರು ಕುಡಿಯಿರಿ, ಶುಚಿಯಾಗಿರಿ, ಉರಿಯೋ ತುರಿಕೆಯೋ ಬಂದರೆ ನಾಚಿಕೆಪಡದೆ ಹೇಳಿ. ಹೆಂಗಸರಿಗೆ ಈ ಮಾತ್ರೆಯಲ್ಲಿ ಅದು ಹೆಚ್ಚು ಬರುತ್ತದೆ.

ಈಗ ನಮ್ಮವರು ಎರಡು ಸಲ ಫ್ಲಶ್ ಮಾಡಿ, ಒಂದು ಮಗ್ ನೀರು ಸುತ್ತ ಸುರಿದು ಬರುತ್ತಾರೆ. ಆದರೂ ಯಾವಾಗಲಾದರೂ ನಾಲ್ಕಾರು ಬರುತ್ತವೆ. ಒಳಗಿಂದಲೇ ಕೂಗುತ್ತಾರೆ, “ನೋಡೇ, ನಿನ್ನ ಲ್ಯಾಬಿನವರು ಬಂದಿದ್ದಾರೆ.” ನಾನು ಹೋಗಿ ನೋಡುತ್ತೇನೆ. ಮೊದಲು ನೋಡುತ್ತೇನೆ, ಎಲ್ಲಿಂದ ಬಂದವು, ಯಾವುದಕ್ಕೆ ಬಂದವು ಅಂತ. ಒರೆಸುವುದು ಆಮೇಲೆ.

ಬಾಗಿಲ ಹತ್ತಿರದ ಮೇಜಿನ ಮೇಲೆ ಇಪ್ಪತ್ತು ಡಬ್ಬಿ ಮಾಡಿ ತಂದಿಟ್ಟಿದ್ದೇನೆ, ತೂತು ಹಾಕಿ, ಚೀಟಿ ಅಂಟಿಸಿ. ಒಳಗೆ ಮದ್ದು ಇಲ್ಲ, ಅದನ್ನು ನೀವೇ ಮನೆಯಲ್ಲಿ ಮಾಡಿಕೊಳ್ಳಬೇಕು, ಅಳತೆ ಚೀಟಿಯ ಹಿಂದೆ ಇದೆ. ಮನೆಯಲ್ಲಿ ಅಂಬೆಗಾಲಿಡುವ ಮಗು ಇದ್ದವರು, ಬೆಕ್ಕು ನಾಯಿ ಸಾಕಿದವರು ತೆಗೆದುಕೊಳ್ಳುವ ಮೊದಲು ನನ್ನ ಹತ್ತಿರ ಮಾತಾಡಿ. ಅದರ ಪಕ್ಕದಲ್ಲಿ ನಮ್ಮವರು ಬೆರಳು ಚುಚ್ಚುವ ಮೀಟರ್ ಇಟ್ಟುಕೊಂಡು ಕೂತಿದ್ದಾರೆ. ಪ್ರತಿಯೊಬ್ಬರಿಗೂ ಹೊಸ ಸೂಜಿ. ಅದರ ಸಂಖ್ಯೆ ಒಂದು ಅಂದಾಜು ಅಷ್ಟೇ, ಹೆಚ್ಚು ಬಂದರೆ ಲ್ಯಾಬಿನಲ್ಲಿ ಸರಿಯಾಗಿ ಮಾಡಿಸಬೇಕು. ತಿಂಡಿಯ ಕೌಂಟರಿನಲ್ಲಿ ಇವತ್ತು ಹೋಳಿಗೆ ಇದೆ ಅಂತ ಕೇಳಿದೆ. ಮೊದಲು ಬೆರಳು, ಆಮೇಲೆ ಹೋಳಿಗೆ.